ಪ್ರೋಟೀನ್ ಎ ಕಾಲಮ್‌ನಲ್ಲಿ ಆ್ಯಂಟಿಬಾಡಿ ಶುದ್ಧೀಕರಣ: ಮೊದಲು ಲಿಗ್ಯಾಂಡ್ ಯಾವುದೆಂದು ನೋಡಿ

ಶುದ್ಧೀಕರಣಕ್ಕೆ ಕಾಲಮ್ ಕೈಗೆ ತೆಗೆದುಕೊಂಡವರು ಸಾಮಾನ್ಯವಾಗಿ ಮೊದಲು ನೋಡುವುದು ಅದು ಎಷ್ಟು ಮಿ.ಲೀ. ಎಂದು. ನೋಡಬೇಕಾದ್ದು ಒಳಗಿನ ಮಣಿಗಳಿಗೆ ಯಾವ ಲಿಗ್ಯಾಂಡ್ (ಆ್ಯಂಟಿಬಾಡಿಯನ್ನು ಹಿಡಿಯುವ ಅಣು) ಅಂಟಿಸಿದ್ದಾರೆ ಎಂದು. ಎಷ್ಟು ಲೋಡ್ ಮಾಡಬೇಕು, ಯಾವ ಪಿಎಚ್‌ನಲ್ಲಿ ಇಳಿಸಬೇಕು, ಕೊನೆಗೆ ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್) ಹಾಕಿ ತೊಳೆಯಬಹುದೇ, ಇಲ್ಲವೇ ಎಂಬುದೆಲ್ಲ ಅದರ ಮೇಲೇ ನಿಂತಿದೆ.

ಪುಣೆಯ ಪಾಷಾಣ್, ಹಿಂಜೆವಾಡಿ, ನವಿ ಮುಂಬೈ, ಗೋವಾದ ವೆರ್ಣಾ ಕಡೆಯ ಲ್ಯಾಬ್‌ಗಳಿಗೆ ಧಾರವಾಡ, ಬೆಳಗಾವಿ, ವಿಜಯಪುರದಿಂದ ಎಂ.ಎಸ್ಸಿ. ಮುಗಿಸಿ ಬರುವವರು ಬಹಳ. ಕೈಗೆ ಸಿಗುವ ಎಸ್‌ಒಪಿ (ಕೆಲಸದ ಕ್ರಮ ಬರೆದ ಹಾಳೆ) ಇಂಗ್ಲಿಷಿನಲ್ಲಿರುತ್ತದೆ, ಬಾಯಿಮಾತಿನ ವಿವರಣೆ ಮರಾಠಿ-ಹಿಂದಿಯಲ್ಲಿ. "ಯಾಕೆ ಹೀಗೆ?" ಎಂದು ಕೇಳಿದರೆ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಅದಕ್ಕೇ ಇಲ್ಲಿ ಹೆಜ್ಜೆಯ ಜತೆಗೆ ಕಾರಣವನ್ನೂ ಬರೆದಿದೆ.

ಒಳಗಿರುವುದು ಏನು

ಪ್ರೋಟೀನ್ ಎ ಮೂಲತಃ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಕೋಶಭಿತ್ತಿಯದು. ತೂಕ ಸುಮಾರು 42 ಕಿಲೋಡಾಲ್ಟನ್. ಅದರಲ್ಲಿ ಇ, ಡಿ, ಎ, ಬಿ, ಸಿ ಎಂಬ ಐದು ತುಣುಕುಗಳು (ಡೊಮೇನ್‌ಗಳು) ಸಾಲಾಗಿವೆ, ಒಂದೊಂದರಲ್ಲೂ 58ರ ಆಸುಪಾಸು ಅಮೈನೋ ಆಮ್ಲ. ಇವು ಐಜಿಜಿ ವರ್ಗದ ಆ್ಯಂಟಿಬಾಡಿಯ ಬಾಲದ ಭಾಗವಾದ ಎಫ್‌ಸಿಯನ್ನು, ಸಿಎಚ್2 ಮತ್ತು ಸಿಎಚ್3 ಎಂಬ ಅದರ ಡೊಮೇನ್‌ಗಳು ಕೂಡುವ ಜಾಗದಲ್ಲಿ ಹಿಡಿಯುತ್ತವೆ. ತಟಸ್ಥ ಪಿಎಚ್‌ನಲ್ಲಿ ಹಿಡಿತ ಬಿಗಿ. ಆಮ್ಲ ಹಾಕಿದರೆ ಆ ಜಾಗದ ಹಿಸ್ಟಿಡಿನ್‌ಗಳಿಗೆ ಧನ ಆವೇಶ ಬಂದು ಹಿಡಿತ ಬಿಡುತ್ತದೆ.

ಬಿ ತುಣುಕನ್ನು ತಿದ್ದಿ ಸ್ವೀಡನ್ನಿನ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ್ದೇ ಝಡ್ ಡೊಮೇನ್. 29ನೇ ಸ್ಥಾನದ ಗ್ಲೈಸಿನ್ ಹೋಗಿ ಅಲನಿನ್ ಬಂತು. ಇದರಿಂದ ಎರಡು ಬದಲಾವಣೆ ಆದವು: ರಾಸಾಯನಿಕವಾಗಿ ಸುಲಭಕ್ಕೆ ಕೆಡುತ್ತಿದ್ದ ಆಸ್ಪರಜಿನ್-ಗ್ಲೈಸಿನ್ ಜೋಡಿ ಇಲ್ಲವಾಯಿತು, ಆ್ಯಂಟಿಬಾಡಿಯ ಕೈ ಭಾಗವಾದ ಫ್ಯಾಬ್‌ ಮೇಲಿದ್ದ ಹಿಡಿತ ಬಹುಮಟ್ಟಿಗೆ ಹೋಯಿತು. ಆಮೇಲೆ ಕ್ಷಾರಕ್ಕೆ ಸೋಲುವ ಇತರ ಆಸ್ಪರಜಿನ್‌ಗಳನ್ನೂ, ಉದಾಹರಣೆಗೆ 23ನೇ ಸ್ಥಾನದ್ದನ್ನು, ಬದಲಿಸಿ ಕಾಸ್ಟಿಕ್ ತಡೆಯುವ ತಳಿಗಳನ್ನು ಮಾಡಿದರು. ಮಾರುಕಟ್ಟೆಯ ಮಾಬ್‌ಸೆಲೆಕ್ಟ್ ಶೂರ್ ಎಂಬ ರೆಸಿನ್‌ನಲ್ಲಿ (ಕಾಲಮ್‌ಗೆ ತುಂಬುವ ಮಣಿಗಳಲ್ಲಿ) ಇರುವುದು ಇಂಥ ನಾಲ್ಕು ಡೊಮೇನ್‌ಗಳ ಸರಪಳಿ. ತುದಿಯ ಒಂದೇ ಸಿಸ್ಟೀನ್ ಮೂಲಕ ಅದನ್ನು ಅಗರೋಸ್ ಮಣಿಗೆ ಕಟ್ಟಿರುತ್ತಾರೆ.

ಕೆಲಸದ ಮೇಜಿನಲ್ಲಿ ಇದರ ಅರ್ಥ ಇಷ್ಟು. ಹಳೆಯ, ತಿದ್ದದ ಪ್ರೋಟೀನ್ ಎ ಕಾಲಮ್‌ಗೆ 0.5 ಮೋಲಾರ್ ಕಾಸ್ಟಿಕ್ ಹಾಕಿದರೆ ಲಿಗ್ಯಾಂಡ್ ಬೇಗ ಸಾಯುತ್ತದೆ. ತಿದ್ದಿದ್ದಕ್ಕೆ ಅದೇ ನಿತ್ಯದ ಸ್ನಾನ. ಹಳೆಯದು ಕೆಲವು ಆ್ಯಂಟಿಬಾಡಿಗಳನ್ನು (ವಿಎಚ್3 ಎಂಬ ಜೀನ್ ಕುಟುಂಬದವು) ಎರಡು ಕಡೆ ಹಿಡಿಯುವುದರಿಂದ ಅವನ್ನು ಇಳಿಸಲು ಹೆಚ್ಚು ಆಮ್ಲ ಬೇಕು. ತಿದ್ದಿದ್ದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಪಿಎಚ್‌ನಲ್ಲಿ, ಸ್ವಲ್ಪ ಸೌಮ್ಯವಾಗಿ ಬಿಡುತ್ತದೆ. ನಷ್ಟವೂ ಒಂದಿದೆ. ಹಳೆಯ ಕಾಲಮ್‌ನಲ್ಲಿ ವಿಎಚ್3 ಫ್ಯಾಬ್ ತುಂಡು ಹಿಡಿಯುತ್ತಿದ್ದವರು ಝಡ್ ಮಾದರಿಯ ಕಾಲಮ್‌ಗೆ ಬದಲಾದರೆ ಸರಕೆಲ್ಲ ಫ್ಲೋ-ಥ್ರೂನಲ್ಲಿ (ಹಿಡಿಯದೆ ಕಾಲಮ್ ದಾಟಿ ಬರುವ ದ್ರವದಲ್ಲಿ) ಹರಿದುಹೋಗುತ್ತದೆ.

ನಿಮ್ಮ ಆ್ಯಂಟಿಬಾಡಿ ಇದಕ್ಕೆ ಅಂಟುತ್ತದೆಯೇ?

ಮನುಷ್ಯರ ಐಜಿಜಿ 1, 2, 4 ಚೆನ್ನಾಗಿ ಅಂಟುತ್ತವೆ. ಐಜಿಜಿ 3 ಅಂಟುವುದಿಲ್ಲ. ಅದರ 435ನೇ ಸ್ಥಾನದಲ್ಲಿ ಹಿಸ್ಟಿಡಿನ್ ಬದಲು ಆರ್ಜಿನಿನ್ ಇದೆ. ಮೊಲದ ಐಜಿಜಿ ತೊಂದರೆ ಕೊಡದು. ಸಣ್ಣ ಇಲಿಯದರಲ್ಲಿ (ಮೌಸ್, ರ್ಯಾಟ್ ಅಲ್ಲ) ಐಜಿಜಿ 2ಎ ಸರಿ, ಐಜಿಜಿ 1 ಮಾತ್ರ ಸಡಿಲ, ಅದಕ್ಕೆ ಉಪ್ಪು ಹೆಚ್ಚಿಸಬೇಕು: 1.5 ಮೋಲಾರ್ ಗ್ಲೈಸಿನ್, 3 ಮೋಲಾರ್ ಸೋಡಿಯಂ ಕ್ಲೋರೈಡ್, ಪಿಎಚ್ 8.9. ಆಡು-ಕುರಿಯ ಐಜಿಜಿಗೆ ಪ್ರೋಟೀನ್ ಜಿ ಮೇಲು. ಕೋಳಿಯ ಐಜಿವೈ ಎರಡಕ್ಕೂ ಅಂಟದು. ಫ್ಯಾಬ್ ತುಂಡಾದರೆ, ಅದರ ಲೈಟ್ ಚೈನ್ ಕಪ್ಪಾ ಆಗಿದ್ದರೆ, ಪ್ರೋಟೀನ್ ಎಲ್ ನೋಡಿ. ಒಂಟೆ ಜಾತಿಯ ಪ್ರಾಣಿಗಳ ಒಂಟಿ-ಡೊಮೇನ್ ಆ್ಯಂಟಿಬಾಡಿಯಿಂದ ಮಾಡಿದ ಲಿಗ್ಯಾಂಡ್‌ಗಳೂ ಸಿಗುತ್ತವೆ. ಅವುಗಳ ಕಾಸ್ಟಿಕ್ ತಾಳಿಕೆ ಒಂದೊಂದಕ್ಕೆ ಒಂದೊಂದು ಥರ, ಕೈಪಿಡಿ ನೋಡದೆ ಕೈ ಹಾಕಬೇಡಿ.

ಹಾವಿನ ವಿಷಕ್ಕೆ ಕೊಡುವ ಔಷಧ ತಯಾರಿಸುವ ಕಡೆ ಕುದುರೆಯ ಸೀರಂ ಇರುತ್ತದಲ್ಲ, ಅದಕ್ಕೂ ಪ್ರೋಟೀನ್ ಎ ಆಗದೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ ಅದನ್ನು ಪೆಪ್ಸಿನ್‌ನಿಂದ ಕತ್ತರಿಸಿ ಎರಡು ಕೈ ಮಾತ್ರ ಉಳಿಸುತ್ತಾರೆ. ಹಿಡಿಯಬೇಕಾದ ಎಫ್‌ಸಿಯೇ ಅಲ್ಲಿ ಇರುವುದಿಲ್ಲ.

ಇನ್ನೊಂದನ್ನು ಹೈಬ್ರಿಡೋಮಾ (ಆ್ಯಂಟಿಬಾಡಿ ಸ್ರವಿಸುವ ಮಿಶ್ರ ಕೋಶ) ಬೆಳೆಸುವವರು ಮರೆಯುತ್ತಾರೆ. ಮಾಧ್ಯಮದಲ್ಲಿ 10 ಶೇಕಡ ಕರುವಿನ ಸೀರಂ ಇದ್ದರೆ ಅದರಲ್ಲಿನ ದನದ ಐಜಿಜಿಯೂ ನಿಮ್ಮದರ ಜತೆಗೇ ಕಾಲಮ್ ಹತ್ತುತ್ತದೆ, ಜತೆಗೇ ಇಳಿಯುತ್ತದೆ. ಜೆಲ್‌ನಲ್ಲಿ ಎರಡೂ ಒಂದೇ ಜಾಗದಲ್ಲಿ ಕೂರುವುದರಿಂದ ಗೊತ್ತೂ ಆಗುವುದಿಲ್ಲ. ಸೀರಂ ಇಲ್ಲದ ಮಾಧ್ಯಮಕ್ಕೆ ಬದಲಿಸಿ, ಇಲ್ಲವೇ ಐಜಿಜಿ ತೆಗೆದ ಸೀರಂ ತರಿಸಿ.

ದ್ರಾವಣಗಳು

ಬೈಂಡಿಂಗ್ ಬಫರ್ ಒಂದು ಲೀಟರ್‌ಗೆ: ನಿರ್ಜಲ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 2.27 ಗ್ರಾಂ, ಮಾನೋಸೋಡಿಯಂ ಫಾಸ್ಫೇಟ್ ಡೈಹೈಡ್ರೇಟ್ 0.62 ಗ್ರಾಂ, ಸೋಡಿಯಂ ಕ್ಲೋರೈಡ್ 8.8 ಗ್ರಾಂ. ಇದು 20 ಮಿಲಿಮೋಲಾರ್ ಫಾಸ್ಫೇಟ್. ಪಿಎಚ್ 7.2–7.4ಕ್ಕೆ ಹೊಂದಿಸಿ. ಉಪ್ಪಿನ ವಾಶ್‌ಗೆ ಇದೇ ಬಫರ್, ಸೋಡಿಯಂ ಕ್ಲೋರೈಡ್ ಮಾತ್ರ 1 ಮೋಲಾರ್‌ಗೆ ಏರಿಸಿ.

ಎಲ್ಯೂಶನ್‌ಗೆ (ಹಿಡಿದದ್ದನ್ನು ಇಳಿಸಲು) 50 ಮಿಲಿಮೋಲಾರ್ ಸಿಟ್ರೇಟ್, ಪಿಎಚ್ 3.5: ಲೀಟರ್‌ಗೆ ಸಿಟ್ರಿಕ್ ಆಮ್ಲ ಮಾನೋಹೈಡ್ರೇಟ್ 10.5 ಗ್ರಾಂ, ಕಾಸ್ಟಿಕ್‌ನಿಂದ ಪಿಎಚ್ ಏರಿಸಿ. ಅಥವಾ 0.1 ಮೋಲಾರ್ ಗ್ಲೈಸಿನ್ (7.5 ಗ್ರಾಂ), ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 3.0ಕ್ಕೆ ಇಳಿಸಿ. ತಟಸ್ಥಗೊಳಿಸಲು 1 ಮೋಲಾರ್ ಟ್ರಿಸ್, ಪಿಎಚ್ 9.0: 100 ಮಿ.ಲೀ.ಗೆ 12.1 ಗ್ರಾಂ. ಟ್ರಿಸ್‌ನ ಪಿಎಚ್ ಒಂದು ಡಿಗ್ರಿ ತಂಪಾದರೆ ಸುಮಾರು 0.03 ಏರುತ್ತದೆ. 25 ಡಿಗ್ರಿಯಲ್ಲಿ ಹೊಂದಿಸಿದ್ದನ್ನು ಕೋಲ್ಡ್ ರೂಮ್‌ನಲ್ಲಿ ಬಳಸಿದರೆ ಅರ್ಧಕ್ಕಿಂತ ಹೆಚ್ಚು ಪಿಎಚ್ ವ್ಯತ್ಯಾಸ ಬಂದಿರುತ್ತದೆ.

ಕಾಸ್ಟಿಕ್: 0.1 ಮೋಲಾರ್‌ಗೆ ಲೀಟರ್‌ಗೆ 4 ಗ್ರಾಂ, 0.5 ಮೋಲಾರ್‌ಗೆ 20 ಗ್ರಾಂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ-ಗೋವಾದ ಗಾಳಿಯಲ್ಲಿ ಕಾಸ್ಟಿಕ್ ಹರಳು ತಟ್ಟೆಯ ಮೇಲೇ ನೀರು ಕುಡಿದು ತೂಕ ಏರಿಸಿಕೊಳ್ಳುತ್ತದೆ. ಮುಚ್ಚಳ ತೆಗೆದ ಕೂಡಲೇ ತೂಗಿ, ಕೂಡಲೇ ಮುಚ್ಚಿ. ಅಂಟುಗಟ್ಟಿದ ಹಳೆಯ ಡಬ್ಬಿಯದನ್ನು ಈ ಕೆಲಸಕ್ಕೆ ತರಬೇಡಿ. ನೀರು ಶುದ್ಧೀಕರಣ ಯಂತ್ರದ್ದೇ ಆಗಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಮೇಲೆ ನಡೆಯುವ ಕಟ್ಟಡಗಳಲ್ಲಿ ಕಾರ್ಟ್ರಿಜ್ ಬೇಗ ಸೋಲುತ್ತದೆ. ಗಡಸು ನೀರಿಗೆ ಕಾಸ್ಟಿಕ್ ಬಿದ್ದರೆ ಬಿಳಿ ಗಸಿ ಕೂತು ಕಾಲಮ್‌ನ ಬಾಯಿ ಕಟ್ಟುತ್ತದೆ.

ಎಲ್ಲ ಬಫರ್‌ಗಳನ್ನೂ 0.22 ಮೈಕ್ರಾನ್ ಫಿಲ್ಟರ್ ಮಾಡಿ, ಕಾಲಮ್ ಇರುವ ಕೋಣೆಯ ತಾಪಕ್ಕೇ ತನ್ನಿ. ಫ್ರಿಜ್‌ನಿಂದ ತೆಗೆದ ಬಫರ್ ನೇರ ಹಾಕಿದರೆ ಒಳಗೆ ಬಿಸಿಯಾಗುತ್ತಾ ಕರಗಿದ ಗಾಳಿಯನ್ನು ಗುಳ್ಳೆಯಾಗಿ ಬಿಡುತ್ತದೆ. ಒಮ್ಮೆ ಮಣಿಗಳ ನಡುವೆ ಹೊಕ್ಕ ಗುಳ್ಳೆ ಹೊರಗೆ ಬರುವುದು ಕಷ್ಟ.

ಸ್ಯಾಂಪಲ್ ಸಿದ್ಧತೆ

ಕೋಶಗಳನ್ನು ಮೊದಲು ನಿಧಾನವಾಗಿ (500 ಜಿ, 10 ನಿಮಿಷ) ಇಳಿಸಿ. ಮೇಲಿನ ತಿಳಿಯನ್ನು ಇನ್ನೊಂದು ಬಾಟಲಿಗೆ ತೆಗೆದು 10,000 ಜಿಯಲ್ಲಿ 20 ನಿಮಿಷ ಓಡಿಸಿ, ನಂತರ 0.45, ಆಮೇಲೆ 0.22 ಮೈಕ್ರಾನ್ ಪಿಇಎಸ್ ಫಿಲ್ಟರ್. ಮೊದಲ ಸಲವೇ ಜೋರಾಗಿ ತಿರುಗಿಸಿದರೆ ಕೋಶ ಒಡೆದು ಡಿಎನ್‌ಎ-ಹಿಸ್ಟೋನ್ ಗಂಟು ಹೊರಬರುತ್ತದೆ. ಅದು ಲಿಗ್ಯಾಂಡ್‌ನ ಹಂಗಿಲ್ಲದೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ, ಎಲ್ಯೂಶನ್ ಮಬ್ಬಾಗಲು ಮುಖ್ಯ ಕಾರಣಗಳಲ್ಲಿ ಒಂದು.

ಇನ್‌ಕ್ಯುಬೇಟರ್‌ನಿಂದ ಹೊರಬಂದ ಮಾಧ್ಯಮ ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ಕ್ಷಾರದ ಕಡೆ ವಾಲುತ್ತದೆ. ಹತ್ತನೇ ಒಂದು ಪಾಲು 10 ಪಟ್ಟು ಗಾಢ ಬೈಂಡಿಂಗ್ ಬಫರ್ ಬೆರೆಸಿ ಪಿಎಚ್ 7–7.5ರಲ್ಲಿದೆಯೇ ನೋಡಿ. ಶುದ್ಧ ಆಮ್ಲವನ್ನು ಹನಿಹನಿ ಹಾಕಿ ತಿದ್ದಬೇಡಿ. ಹನಿ ಬಿದ್ದ ಜಾಗದಲ್ಲಿ ಪ್ರೋಟೀನ್ ಒಡೆಯುತ್ತದೆ.

ವೇಗದ ಲೆಕ್ಕ

ಹೆಚ್ಚಿನ ನಷ್ಟ ಆಗುವುದು ಇಲ್ಲಿ, ಅದೂ ಸುಮ್ಮನೆ ಅವಸರದಿಂದ. ಆ್ಯಂಟಿಬಾಡಿ ದೊಡ್ಡ ಅಣು. ಮಣಿಯ ರಂಧ್ರದೊಳಗೆ ನುಸುಳಿ ಲಿಗ್ಯಾಂಡ್ ಮುಟ್ಟಲು ಅದಕ್ಕೆ ಸಮಯ ಬೇಕು. ಕಾಲಮ್‌ನ ಗಾತ್ರವನ್ನು ಹರಿವಿನ ವೇಗದಿಂದ ಭಾಗಿಸಿದರೆ ಸಿಗುವುದೇ ದ್ರವ ಒಳಗಿರುವ ಸಮಯ, ರೆಸಿಡೆನ್ಸ್ ಟೈಮ್. ಮಾಬ್‌ಸೆಲೆಕ್ಟ್ ಶೂರ್‌ಗೆ ಹೇಳುವ ಸಾಮರ್ಥ್ಯ ಮಿ.ಲೀ.ಗೆ 30 ಮಿ.ಗ್ರಾಂ ಆಸುಪಾಸು, ಅದೂ 2.4 ನಿಮಿಷ ಒಳಗಿದ್ದಾಗ.

ಲೆಕ್ಕ ಹಾಕಿ ನೋಡಿ. 100 ಮಿ.ಲೀ. ಸೂಪರ್ನೇಟೆಂಟ್ (ಕೋಶ ತೆಗೆದ ತಿಳಿ), ಲೀಟರ್‌ಗೆ 300 ಮಿ.ಗ್ರಾಂ ಇಳುವರಿ ಎಂದರೆ ಒಟ್ಟು 30 ಮಿ.ಗ್ರಾಂ. 1 ಮಿ.ಲೀ. ಕಾಲಮ್‌ಗೆ ಅದು ಅಂಚಿನವರೆಗೆ ತುಂಬಿದಂತೆ. ಸಾಮರ್ಥ್ಯದ 80 ಶೇಕಡ, ಅಂದರೆ 24 ಮಿ.ಗ್ರಾಂ ಮೀರಬಾರದು. ಜತೆಗೆ 2.4 ನಿಮಿಷ ಬೇಕೆಂದರೆ ವೇಗ ನಿಮಿಷಕ್ಕೆ 0.4 ಮಿ.ಲೀ., ಲೋಡಿಂಗ್‌ಗೇ ನಾಲ್ಕು ಗಂಟೆ ದಾಟುತ್ತದೆ. ಅದೇ 5 ಮಿ.ಲೀ. ಕಾಲಮ್‌ನಲ್ಲಿ ನಿಮಿಷಕ್ಕೆ 2 ಮಿ.ಲೀ. ಬಿಟ್ಟರೆ 50 ನಿಮಿಷದಲ್ಲಿ ಮುಗಿಯುತ್ತದೆ, ಸಾಮರ್ಥ್ಯದ ಚಿಂತೆಯೂ ಇಲ್ಲ. 1 ಮಿ.ಲೀ. ಕಾಲಮ್ ಮಾತ್ರ ಇದ್ದರೆ ಸ್ಯಾಂಪಲನ್ನು 50 ಮಿ.ಲೀ.ಯಂತೆ ಎರಡು ಸಲ ಓಡಿಸಿ. ನಿಮಿಷಕ್ಕೆ 1 ಮಿ.ಲೀ. ಎಂದು ಮಾಮೂಲಿಯಾಗಿ ಇಟ್ಟುಬಿಡುವುದು 1 ಮಿ.ಲೀ. ಕಾಲಮ್‌ಗೆ ಸರಿಯಲ್ಲ, ಫ್ಲೋ-ಥ್ರೂನಲ್ಲಿ ಆ್ಯಂಟಿಬಾಡಿ ಕಂಡರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ.

ಓಡಿಸುವುದು

1. ಶೇಖರಿಸಿದ ಎಥೆನಾಲನ್ನು ಮೊದಲು 5 ಕಾಲಮ್ ಗಾತ್ರದ ನೀರಿನಿಂದ, ಅರ್ಧ ವೇಗದಲ್ಲಿ ತೆಗೆಯಿರಿ. 20 ಶೇಕಡ ಎಥೆನಾಲ್‌ಗೆ ನೀರಿಗಿಂತ ಸ್ನಿಗ್ಧತೆ ಹೆಚ್ಚು, ಒತ್ತಡ ಏರುತ್ತದೆ. ಸಣ್ಣ ಪ್ಲಾಸ್ಟಿಕ್ ಕಾಲಮ್‌ಗಳ ಮಿತಿ 3 ಬಾರ್. ಜೋಡಿಸುವಾಗ ಟ್ಯೂಬಿನ ಹನಿಗೆ ಕಾಲಮ್ ಬಾಯಿಯ ಹನಿ ಕೂಡಿಸಿ, ಗಾಳಿ ಸೇರದಂತೆ.

2. ಬೈಂಡಿಂಗ್ ಬಫರ್ 5–10 ಗಾತ್ರ, ಯುವಿ ಗೆರೆ ಮಲಗುವವರೆಗೆ.

3. ಲೋಡ್. ಫ್ಲೋ-ಥ್ರೂ ಎಲ್ಲವನ್ನೂ ಹಿಡಿದಿಡಿ, ಶುದ್ಧ ಆ್ಯಂಟಿಬಾಡಿ ಕೈಗೆ ಬರುವವರೆಗೆ ಚೆಲ್ಲಬೇಡಿ. ಪಂಪ್ ಇಲ್ಲದವರು ಗ್ರ್ಯಾವಿಟಿ ಕಾಲಮ್‌ನಲ್ಲಿ ಎರಡು ಸಲ ಹಾಯಿಸಬಹುದು, ಅಥವಾ ಬಾಟಲಿಗೇ ರೆಸಿನ್ ಹಾಕಿ ಕೋಣೆಯ ತಾಪದಲ್ಲಿ ಒಂದು ಗಂಟೆ ತಿರುಗಿಸಬಹುದು. 50 ಶೇಕಡ ಸ್ಲರಿ ಆದರೆ 2 ಮಿ.ಲೀ. ತೆಗೆದರೆ ಮಾತ್ರ 1 ಮಿ.ಲೀ. ರೆಸಿನ್ ಎಂಬುದು ನೆನಪಿರಲಿ.

4. ಬೈಂಡಿಂಗ್ ಬಫರ್ 5 ಗಾತ್ರ, ಉಪ್ಪಿನ ವಾಶ್ 5 ಗಾತ್ರ, ಮತ್ತೆ ಬೈಂಡಿಂಗ್ ಬಫರ್ 3–5 ಗಾತ್ರ. ಈ ಕೊನೆಯದನ್ನು ಬಿಡಬೇಡಿ: 1 ಮೋಲಾರ್ ಉಪ್ಪು ಒಳಗೇ ಉಳಿದಿರುವಾಗ ಆಮ್ಲ ಹೊಕ್ಕರೆ ಕೆಲವು ಆ್ಯಂಟಿಬಾಡಿಗಳು ಅಲ್ಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇಳಿಸುವಾಗ

ಹೊಸ ಆ್ಯಂಟಿಬಾಡಿಯಾದರೆ ಮೊದಲ ಸಲವೇ ಪಿಎಚ್ 3.0ಕ್ಕೆ ಹಾರಬೇಡಿ. ಸಿಟ್ರೇಟನ್ನು 4.2, 3.8, 3.5, 3.2 ಎಂದು ನಾಲ್ಕು ಮೆಟ್ಟಿಲಲ್ಲಿ, ಒಂದೊಂದಕ್ಕೆ 5 ಗಾತ್ರ ಬಿಡಿ. ಶಿಖರ ಎಲ್ಲಿ ಏಳುತ್ತದೆಯೋ ಅದಕ್ಕಿಂತ 0.1–0.2 ಕೆಳಗಿನದು ನಿಮ್ಮ ಕೆಲಸದ ಪಿಎಚ್. ಝಡ್ ಮಾದರಿಯ ಲಿಗ್ಯಾಂಡ್‌ನಲ್ಲಿ 3.5ರ ಸುತ್ತಮುತ್ತ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಸುಮ್ಮನೆ ಇನ್ನೂ ಕೆಳಗೆ ಹೋದರೆ ಅಂಟಿಬಿದ್ದ ಗಂಟುಗಳ ಪಾಲು ಹೆಚ್ಚುತ್ತದೆ, ಬೇರೇನೂ ಲಾಭವಿಲ್ಲ.

ಟ್ರಿಸ್ ಮೊದಲೇ ಟ್ಯೂಬಿನಲ್ಲಿರಬೇಕು. ಆದರೆ ಎಷ್ಟು? ಎಲ್ಲದಕ್ಕೂ "ಹತ್ತನೇ ಒಂದು ಪಾಲು" ಎಂದು ಬಾಯಿಪಾಠ ಮಾಡಿಕೊಂಡವರು ಇಲ್ಲಿ ಎಡವುತ್ತಾರೆ. ಗ್ಲೈಸಿನ್ ಪಿಎಚ್ 3.0 ದುರ್ಬಲ ಬಫರ್, 1 ಮಿ.ಲೀ.ಗೆ 30–40 ಮೈಕ್ರೋಲೀಟರ್ ಟ್ರಿಸ್ ಸಾಕು. ಸಿಟ್ರಿಕ್ ಆಮ್ಲಕ್ಕೆ ಮೂರು ಆಮ್ಲ ಗುಂಪುಗಳಿವೆ, 50 ಮಿಲಿಮೋಲಾರ್ ಸಿಟ್ರೇಟ್ ಪಿಎಚ್ 3.5 ತಟಸ್ಥವಾಗಲು ಸುಮಾರು 150 ಮೈಕ್ರೋಲೀಟರ್ ಬೇಕು. ಅದಕ್ಕೆ 100 ಹಾಕಿದರೆ ಪಿಎಚ್ ಆರರ ಹತ್ತಿರವೇ ನಿಲ್ಲುತ್ತದೆ. ಖಾಲಿ ಎಲ್ಯೂಶನ್ ಬಫರ್ 1 ಮಿ.ಲೀ. ತೆಗೆದು, ಟ್ರಿಸ್ ಸೇರಿಸುತ್ತಾ ಪಿಎಚ್ ಪಟ್ಟಿಯಲ್ಲಿ ನೋಡಿ, ಅಂಕಿಯನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ.

1 ಮಿ.ಲೀ. ಕಾಲಮ್‌ನಲ್ಲಿ ಅರ್ಧ ಮಿ.ಲೀ.ಯಂತೆ ಹತ್ತು ಟ್ಯೂಬ್ ಹಿಡಿಯಿರಿ, ಟ್ರಿಸ್ ಪ್ರಮಾಣವನ್ನೂ ಅರ್ಧ ಮಾಡಿ. ಮೊದಲ ಎರಡು ಟ್ಯೂಬ್ ಬಹುಪಾಲು ಖಾಲಿ ಬರುತ್ತವೆ, ಆಮ್ಲ ಇನ್ನೂ ಕಾಲಮ್ ದಾಟಿರುವುದಿಲ್ಲ. ಆ್ಯಂಟಿಬಾಡಿ ಗಾಢವಾಗಿರುವ ಟ್ಯೂಬಿನಲ್ಲಿ ದ್ರವ ಟ್ರಿಸ್‌ಗೆ ಬೀಳುವಾಗ ಎಣ್ಣೆಯಂಥ ಎಳೆಗಳು ಕಾಣುತ್ತವೆ. ಅದು ದೋಷವಲ್ಲ, ಎರಡು ದ್ರವಗಳ ಸಾಂದ್ರತೆ ಬೇರೆ, ಅಷ್ಟೇ. ಟ್ಯೂಬನ್ನು ಮೆಲ್ಲಗೆ ತಲೆಕೆಳಗೆ ಮಾಡಿ ಬೆರೆಸಿ, ವೋರ್ಟೆಕ್ಸ್ ಬೇಡ. ಬೆರೆಸಿದ ಮೇಲೂ ನೀರುಮಜ್ಜಿಗೆಯಂತೆ ಕದಡಿದ್ದರೆ ಅದು ಬೇರೆ ವಿಷಯ, ಮುಂದೆ ಹೇಳಿದೆ.

ಪುಣೆಯವರಿಗೆ ಒಂದು ಮಾತು: ದುರಸ್ತಿಗೆಂದು ಕರೆಂಟ್ ತೆಗೆಯುವುದು ಇಲ್ಲಿ ಸಾಮಾನ್ಯವಾಗಿ ಗುರುವಾರ. ಲೋಡಿಂಗ್ ನಡುವೆ ಪಂಪ್ ನಿಂತರೆ ದೊಡ್ಡ ನಷ್ಟವಿಲ್ಲ. ಎಲ್ಯೂಶನ್ ನಡುವೆ ನಿಂತರೆ ಆ್ಯಂಟಿಬಾಡಿ ಆಮ್ಲದಲ್ಲಿ ಕೂತು ಕೆಡುತ್ತದೆ, ಕಾಸ್ಟಿಕ್ ನಡುವೆ ನಿಂತರೆ ಲಿಗ್ಯಾಂಡ್ ಕೆಡುತ್ತದೆ. ಇವೆರಡು ಹೆಜ್ಜೆಗಳಿಗೆ ಯುಪಿಎಸ್ ಇರಲಿ. ಇಲ್ಲವೇ ಪಕ್ಕದಲ್ಲಿ 10 ಮಿ.ಲೀ. ಸಿರಿಂಜ್ ಇಟ್ಟುಕೊಳ್ಳಿ, ಕೈಯಲ್ಲೇ ನಿಧಾನವಾಗಿ ತಳ್ಳಿ ಮುಗಿಸಬಹುದು.

ಆಮ್ಲವೇ ಆಗದ ಆ್ಯಂಟಿಬಾಡಿಗೆ ಇನ್ನೊಂದು ದಾರಿ ಇದೆ. ಸ್ಟಾಕ್‌ಹೋಮ್‌ನ ಕೆಟಿಎಚ್ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಸಿಯಂ ಇದ್ದಾಗ ಮಾತ್ರ ಹಿಡಿಯುವಂತೆ ಝಡ್ ಡೊಮೇನನ್ನು ತಿದ್ದಿದ್ದಾರೆ. ಕ್ಯಾಲ್ಸಿಯಂ ತೆಗೆದರೆ ಸೌಮ್ಯ ಪಿಎಚ್‌ನಲ್ಲೇ ಬಿಡುತ್ತದೆ. ಇಂಥ ರೆಸಿನ್ ಬಳಸುವವರು ಫಾಸ್ಫೇಟ್ ಬಫರ್ ಮರೆಯಬೇಕು, ಕ್ಯಾಲ್ಸಿಯಂ ಫಾಸ್ಫೇಟ್ ಗಟ್ಟಿ ಕೂರುತ್ತದೆ. ಟ್ರಿಸ್ ಬಳಸಿ.

ತೊಳೆದಿಡುವುದು

ಎಲ್ಯೂಶನ್ ಆದ ಮೇಲೆ 0.1 ಮೋಲಾರ್ ಅಸಿಟಿಕ್ ಆಮ್ಲ 3 ಗಾತ್ರ, ಬೈಂಡಿಂಗ್ ಬಫರ್ 3–5 ಗಾತ್ರ, ನಂತರ ಕಾಸ್ಟಿಕ್: 0.1ರಿಂದ 0.5 ಮೋಲಾರ್, ಒಟ್ಟು 15 ನಿಮಿಷ ಸಂಪರ್ಕ. ಬಫರ್‌ನಿಂದ ಪಿಎಚ್ ಇಳಿಸಿ, ನೀರು ಹಾಯಿಸಿ, 20 ಶೇಕಡ ಎಥೆನಾಲ್ 5 ಗಾತ್ರ ತುಂಬಿ 2–8 ಡಿಗ್ರಿಯಲ್ಲಿಡಿ. ಮಧ್ಯೆ ನೀರು ಹಾಯಿಸದಿದ್ದರೆ ಬಫರ್‌ನ ಫಾಸ್ಫೇಟ್ ಎಥೆನಾಲ್‌ನಲ್ಲಿ ಹರಳಾಗಬಹುದು. ಎಥೆನಾಲ್ ಪರವಾನಗಿಯ ಕಿರಿಕಿರಿ ಇರುವಲ್ಲಿ 2 ಶೇಕಡ ಬೆಂಜೈಲ್ ಆಲ್ಕೊಹಾಲ್ ಕೂಡ ಮಾಬ್‌ಸೆಲೆಕ್ಟ್ ಶೂರ್‌ಗೆ ಒಪ್ಪಿತ. ಫ್ರಿಜ್‌ನ ಹಿಂಗೋಡೆಗೆ ತಾಗಿಸಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಅಗರೋಸ್ ಮಣಿ ಒಡೆಯುತ್ತದೆ.

ತಿದ್ದದ ಪ್ರೋಟೀನ್ ಎ ಆದರೆ ಈ ಕಾಸ್ಟಿಕ್ ಹೆಜ್ಜೆ ಬೇಡ. ಬದಲಿಗೆ 6 ಮೋಲಾರ್ ಗ್ವಾನಿಡಿನ್ ಹೈಡ್ರೋಕ್ಲೋರೈಡ್ 2 ಗಾತ್ರ ಹಾಯಿಸಿ, ತಡಮಾಡದೆ ಬಫರ್‌ಗೆ ಬನ್ನಿ. ಲೀಟರ್‌ಗೆ ಲಕ್ಷಗಟ್ಟಲೆ ಬೆಲೆಯ ರೆಸಿನ್ ಇದು. ಡಬ್ಬಿಯ ಹೆಸರು ನೋಡದೆ ಕಾಸ್ಟಿಕ್ ಹಾಕುವುದು ತುಂಬಾ ದುಬಾರಿ ಉದಾಸೀನ. ಕಾಲಮ್ ಮೇಲೆ ಆ್ಯಂಟಿಬಾಡಿಯ ಹೆಸರನ್ನೂ, ಎಷ್ಟನೇ ಓಟ ಎಂಬುದನ್ನೂ ಬರೆದು ಅಂಟಿಸಿ. ಕಾಸ್ಟಿಕ್ ಕಂಡರೂ ಒಂದೇ ಕಾಲಮ್‌ನಲ್ಲಿ ಎರಡು ಆ್ಯಂಟಿಬಾಡಿ ಓಡಿಸುವುದು ನಮಗೆ ಸರಿಬೀಳದು.

ಎಲ್ಲಿ ಕೆಡುತ್ತದೆ

ಫ್ಲೋ-ಥ್ರೂನಲ್ಲಿ ಆ್ಯಂಟಿಬಾಡಿ ಇದೆ: ವೇಗ ಹೆಚ್ಚು, ಲೋಡ್ ಹೆಚ್ಚು, ಪಿಎಚ್ ತಪ್ಪು, ಇಲ್ಲವೇ ಅಂಟದ ಉಪವರ್ಗ. ಈ ಕ್ರಮದಲ್ಲೇ ಹುಡುಕಿ. ಅದೇ ಫ್ಲೋ-ಥ್ರೂವನ್ನು ತೊಳೆದ ಕಾಲಮ್‌ನಲ್ಲಿ ನಿಧಾನವಾಗಿ ಮತ್ತೆ ಓಡಿಸಿ. ಈ ಸಲ ಹಿಡಿದರೆ ಕಾರಣ ಮೊದಲ ಎರಡರಲ್ಲಿ ಒಂದು.

ಎಲ್ಯೂಶನ್‌ನಲ್ಲಿ ಇಲ್ಲ, ಫ್ಲೋ-ಥ್ರೂನಲ್ಲೂ ಇಲ್ಲ: ಇನ್ನೂ ಕಾಲಮ್ ಮೇಲೇ ಇದೆ. ಅಸಿಟಿಕ್ ಆಮ್ಲದ ವಾಶ್‌ನ ಯುವಿ ನೋಡಿ.

ತಟಸ್ಥಗೊಳಿಸಿದ ಮೇಲೆ ಕದಡಿತು: ಆಮ್ಲದಲ್ಲಿ ತಿಳಿಯಾಗಿದ್ದು ಟ್ರಿಸ್ ಬಿದ್ದಾಗ ಕದಡಿದರೆ ಎರಡು ಸಾಧ್ಯತೆ. ಒಂದು ಡಿಎನ್‌ಎ-ಹಿಸ್ಟೋನ್ ಕೊಳೆ. 10,000 ಜಿಯಲ್ಲಿ ತಿರುಗಿಸಿ ಮೇಲಿನ ತಿಳಿ ಅಳೆದರೆ ಆ್ಯಂಟಿಬಾಡಿ ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಸಿಗುತ್ತದೆ. ಇನ್ನೊಂದು, ನೀವು ಹೋದ ಪಿಎಚ್ ಆ್ಯಂಟಿಬಾಡಿಯ ಐಸೋಎಲೆಕ್ಟ್ರಿಕ್ ಬಿಂದುವಿನ (ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್) ಹತ್ತಿರವಿದೆ. ಆಗ ಮೇಲಿನ ತಿಳಿಯಲ್ಲೂ ನಷ್ಟ ಕಾಣುತ್ತದೆ. ಅಂಥದನ್ನು ಪಿಎಚ್ 5.5–6ರಲ್ಲೇ ನಿಲ್ಲಿಸಿ, ಹಿಸ್ಟಿಡಿನ್ ಬಫರ್‌ಗೆ ಬದಲಿಸಿ.

ಒತ್ತಡ ಓಟದಿಂದ ಓಟಕ್ಕೆ ಏರುತ್ತಿದೆ: ಫಿಲ್ಟರ್ ಮಾಡದ ಸ್ಯಾಂಪಲ್, ಇಲ್ಲವೇ ಕಾಸ್ಟಿಕ್ ಬಿಟ್ಟ ಓಟಗಳು. ಕಾಲಮ್ ತಿರುವಿ ಹಾಕಿ, ಕಡಿಮೆ ವೇಗದಲ್ಲಿ 0.5 ಮೋಲಾರ್ ಕಾಸ್ಟಿಕ್ (ತಿದ್ದಿದ ಲಿಗ್ಯಾಂಡ್ ಆದರೆ ಮಾತ್ರ) ಹಾಯಿಸಿ.

ಅಳತೆ ಮತ್ತು ಶೇಖರಣೆ

280 ನ್ಯಾನೋಮೀಟರ್‌ನಲ್ಲಿ 1 ಮಿ.ಗ್ರಾಂ/ಮಿ.ಲೀ. ಐಜಿಜಿ 1.4ರ ಆಸುಪಾಸು ಓದುತ್ತದೆ. ಬ್ಲ್ಯಾಂಕ್‌ಗೆ ನೀರಲ್ಲ, ಎಲ್ಯೂಶನ್ ಬಫರ್ ಮತ್ತು ಟ್ರಿಸ್ ಅದೇ ಪ್ರಮಾಣದಲ್ಲಿ ಬೆರೆಸಿದ್ದು. ಜೆಲ್‌ನಲ್ಲಿ ರಿಡ್ಯೂಸ್ ಮಾಡಿದರೆ 50 ಮತ್ತು 25 ಕಿಲೋಡಾಲ್ಟನ್, ಮಾಡದಿದ್ದರೆ 150ರ ಹತ್ತಿರ ಒಂದೇ ಪಟ್ಟಿ. ಜೆಲ್ ಸ್ವಚ್ಛ ಕಂಡರೂ ಗಂಟು ಇಲ್ಲವೆಂದು ಅರ್ಥವಲ್ಲ, ಎಸ್‌ಡಿಎಸ್ ಬಹುಪಾಲು ಗಂಟುಗಳನ್ನು ಬಿಡಿಸಿಬಿಡುತ್ತದೆ. ಅದಕ್ಕೆ ಸೈಜ್ ಎಕ್ಸ್‌ಕ್ಲೂಶನ್ ಬೇಕು. ಪ್ರಾಣಿಗಳಿಗೆ ಕೊಡುವುದಿದ್ದರೆ ಉದುರಿದ ಪ್ರೋಟೀನ್ ಎಗೆ ಎಲೈಸಾ, ಜತೆಗೆ ಎಂಡೋಟಾಕ್ಸಿನ್ ಪರೀಕ್ಷೆ. ಸ್ಯಾಂಪಲನ್ನು ರಾತ್ರಿಯಿಡೀ ಕಾಲಮ್ ಮೇಲೆ ಬಿಟ್ಟರೆ ಸೂಪರ್ನೇಟೆಂಟ್‌ನ ಪ್ರೋಟಿಯೇಸ್‌ಗಳು ಲಿಗ್ಯಾಂಡನ್ನೇ ಕಡಿಯುವುದರಿಂದ ಉದುರಿದ ಪ್ರಮಾಣ ಏರುತ್ತದೆ.

ಬಫರ್ ಬದಲಿಸಲು ಪಿಡಿ-10 ಕಾಲಮ್ ಸುಲಭ: 2.5 ಮಿ.ಲೀ. ಹಾಕಿ, 3.5 ಮಿ.ಲೀ. ಪಡೆಯಿರಿ. ಮುಂದೆ ಬಣ್ಣ ಅಥವಾ ಬಯೋಟಿನ್ ಅಂಟಿಸುವುದಿದ್ದರೆ ಟ್ರಿಸ್, ಗ್ಲೈಸಿನ್ ಎರಡೂ ಪೂರ್ತಿ ಹೋಗಬೇಕು, ಅವುಗಳ ಅಮೈನ್ ಗುಂಪೇ ಬಣ್ಣವನ್ನು ಕುಡಿದುಬಿಡುತ್ತದೆ. ಫ್ರಿಜ್‌ನಲ್ಲಿಡುವ ಬಾಟಲಿಗೆ 0.02 ಶೇಕಡ ಸೋಡಿಯಂ ಅಜೈಡ್ ಹಾಕಬಹುದು. ಕೋಶಗಳ ಮೇಲೆ ಬಳಸುವುದಕ್ಕೂ, ಪೆರಾಕ್ಸಿಡೇಸ್ ಕಿಣ್ವ ಕಟ್ಟಿದ ಆ್ಯಂಟಿಬಾಡಿಗೂ ಅದು ಕೂಡದು. ಸಿಂಕ್‌ಗೆ ಸುರಿಯುವುದೂ ಬೇಡ, ತಾಮ್ರ-ಸೀಸದ ಪೈಪಿನಲ್ಲಿ ಸ್ಫೋಟಕ ಲವಣ ಕಟ್ಟುತ್ತದೆ. ದೀರ್ಘಕಾಲಕ್ಕಾದರೆ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಸಲ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.